ರಿಬ್ಬನ್ ಎಣಿಸುವ ಸಮುದ್ರದ ದಿನಗಳು

ನೌಕಾಪಡೆಯ ರೈಟರ್ (ಗುಮಾಸ್ತ) ಶಾಖೆಯಲ್ಲಿ ಸೇವಾ ದಾಖಲೆಗಳನ್ನು ನೋಡಿಕೊಂಡು ನಿವೃತ್ತನಾದ ಬಳಿಕ, ಮುಂಬಯಿಯ ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡಿಗರು ಹಿರಿಯರ ಟ್ರಂಕಿನಲ್ಲಿ ಸಿಕ್ಕ ಪದಕಗಳನ್ನು ಹಿಡಿದು ನನ್ನಲ್ಲಿಗೆ ಬರುವುದುಂಟು. ಕಳೆದ ತಿಂಗಳು ಕಾರವಾರ ಮೂಲದ ಕುಟುಂಬವೊಂದು ನೀಲಿ, ಬಿಳಿ, ಹಸಿರು ಬಣ್ಣಗಳು ಒಂದರೊಳಗೊಂದು ಕರಗಿದಂತೆ ಕಾಣುವ ರಿಬ್ಬನ್ನಿನ ತಾರೆಯನ್ನು ಗಾಜಿನ ಚೌಕಟ್ಟಿನಲ್ಲಿ ತಂದು ತೋರಿಸಿತು. ಅದು ಎರಡನೆಯ ಮಹಾಯುದ್ಧದ ಸೇವೆಗಾಗಿ ಬ್ರಿಟನ್ ಕೊಟ್ಟ ಅಟ್ಲಾಂಟಿಕ್ ಸ್ಟಾರ್. ಆ ಮೂರು ಬಣ್ಣಗಳು ಅಟ್ಲಾಂಟಿಕ್ ಸಾಗರದ ಚಹರೆಯನ್ನೇ ಸೂಚಿಸುತ್ತವೆ.

ಈ ತಾರೆಗೆ ಸಾಮಾನ್ಯವಾಗಿ ಆರು ತಿಂಗಳ ಸಮುದ್ರ ಸೇವೆ ಬೇಕಿತ್ತು. ಆದರೆ ಅದಕ್ಕೂ ಮೊದಲು ಅದೇ ಯುದ್ಧದ ಇನ್ನೊಂದು ತಾರೆಯಾದ 1939–45 ಸ್ಟಾರ್ ಪಡೆಯಲು ಇನ್ನೊಂದು ಆರು ತಿಂಗಳನ್ನು ಪೂರೈಸಿರಬೇಕಾಗಿದ್ದು, ಅದು ಮುಗಿದ ಮೇಲಷ್ಟೇ ಅಟ್ಲಾಂಟಿಕ್‌ನ ಎಣಿಕೆ ಆರಂಭವಾಗುತ್ತಿತ್ತು. ಸೇವೆಯ ನಡುವೆ ಮರಣ, ಗಾಯ ಅಥವಾ ಅಂಗವೈಕಲ್ಯದಿಂದ ಎಣಿಕೆ ನಿಂತವರಿಗೂ, ಶೌರ್ಯ ಗೌರವ ಪಡೆದವರಿಗೂ ಈ ಅವಧಿಯಿಂದ ವಿನಾಯಿತಿ ಇತ್ತು. ಹೀಗಾಗಿ ಒಂದು ತಾರೆಯ ಹಿಂದೆ ಹೆಚ್ಚು ಕಡಿಮೆ ಒಂದು ವರ್ಷದ ಲೆಕ್ಕ ಅಡಗಿರುತ್ತದೆ.

ಮನೆಯವರು ಹೆಚ್ಚಾಗಿ ಎಡವುವುದು ‘ಸಮುದ್ರ ಸೇವೆ’ ಎಂಬ ಮಾತಿನಲ್ಲೇ. ಸೇವಾ ಪುಸ್ತಕದಲ್ಲಿ ‘ಐಎನ್‌ಎಸ್’ (ಇಂಡಿಯನ್ ನೇವಲ್ ಶಿಪ್) ಎಂದು ಕಂಡ ಕೂಡಲೇ ಅದನ್ನು ಹಡಗೆಂದೇ ತಿಳಿಯುತ್ತಾರೆ. ಮಾಲಾಡಿನ ಐಎನ್‌ಎಸ್ ಹಮ್ಲಾ, ಗೋವೆಯ ವಿಮಾನ ನೆಲೆ ಐಎನ್‌ಎಸ್ ಹಂಸ, ಕೊನೆಗೆ ಲೋಣಾವಳದ ಘಟ್ಟದ ಮೇಲಿರುವ ಐಎನ್‌ಎಸ್ ಶಿವಾಜಿ, ಇವೆಲ್ಲವೂ ದಡದ ಮೇಲಿನ ನೆಲೆಗಳು. ಮಳೆಗಾಲದ ಲೋಣಾವಳದಲ್ಲಿ ನೀರಿಗೇನೂ ಬರವಿಲ್ಲ, ಆದರೆ ಅದನ್ನು ಸಮುದ್ರದ ಖಾತೆಗೆ ಬರೆಯಲಾಗದು. ನಮ್ಮ 9, 20 ಮತ್ತು 30 ವರ್ಷಗಳ ದೀರ್ಘ ಸೇವಾ ಪದಕಗಳು ಹಡಗಿನ ವರ್ಷವನ್ನೂ ದಡದ ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ, ಅವುಗಳ ರಿಬ್ಬನ್ ನೋಡಿ ಯಾರ ಸಮುದ್ರಯಾನವನ್ನೂ ಊಹಿಸಬಾರದು.

ಇದಕ್ಕಿಂತ ಭಿನ್ನವಾದದ್ದು ಅಮೆರಿಕದ ನೌಕಾಪಡೆಯ ಸೀ ಸರ್ವಿಸ್ ಡಿಪ್ಲಾಯ್‌ಮೆಂಟ್ ರಿಬ್ಬನ್. 1980ರಲ್ಲಿ ಸ್ಥಾಪಿತವಾದ ಇದನ್ನು 1974ರ ಆಗಸ್ಟ್ 15ರಿಂದ ಪೂರ್ವಾನ್ವಯಗೊಳಿಸಲಾಯಿತು. ಅಮೆರಿಕದ ಬಂದರನ್ನೇ ನೆಲೆಯಾಗಿಸಿಕೊಂಡ ಹಡಗಿನವರು ಒಟ್ಟು 12 ತಿಂಗಳ ಸಮುದ್ರ ಕರ್ತವ್ಯವನ್ನು ಮಾಡಿರಬೇಕು, ಅದರೊಳಗೆ ಸತತ 90 ದಿನಗಳ ಒಂದು ನಿಯೋಜನೆ, ಇಲ್ಲವೇ 80 ದಿನಗಳ ಎರಡು ನಿಯೋಜನೆಗಳು ಸೇರಿರಬೇಕು. ಈ ಎರಡನೆಯ ಷರತ್ತು ಬಹಳ ವಿವೇಕದ್ದೆಂದು ನನ್ನ ಅಭಿಪ್ರಾಯ. ಹಡಗಿಗೆ ನೇಮಕಗೊಂಡವನು ರಿಪೇರಿಗಾಗಿ ಡಾಕ್‌ಯಾರ್ಡ್‌ನಲ್ಲಿ ನಿಂತ ಹಡಗಿನಲ್ಲೇ ತಿಂಗಳುಗಟ್ಟಲೆ ಹಾಜರಿ ಹಾಕಬಹುದು; ಕಾಗದದ ಮೇಲೆ ಅದೂ ಹಡಗಿನ ಕೆಲಸವೇ. ಸತತ ನಿಯೋಜನೆಯನ್ನು ಕೇಳಿದಾಗ ಮಾತ್ರ ಮನೆಯಿಂದ ದೂರವಿದ್ದ ಕಾಲ ಲೆಕ್ಕಕ್ಕೆ ಬರುತ್ತದೆ. ಪುಣೆಯ ಹಿರಿಯರೊಬ್ಬರು ಅಮೆರಿಕದ ಪಡೆಯಲ್ಲಿರುವ ಮೊಮ್ಮಗನ ಈ ರಿಬ್ಬನ್ ತೋರಿಸಿ, ಪದಕ ಕಳೆದುಹೋಗಿದೆಯೇ ಎಂದು ಕೇಳಿದ್ದರು. ಕಳೆದಿಲ್ಲ, ಇದಕ್ಕೆ ಪದಕವೇ ಇಲ್ಲ, ರಿಬ್ಬನ್ ಮಾತ್ರ. ಮತ್ತೆ ಗಳಿಸಿದಾಗ ಅದರ ಮೇಲೆ ಪುಟ್ಟ ಕಂಚಿನ ನಕ್ಷತ್ರ ಸೇರುತ್ತದೆ.

ಕಾರವಾರದ ಚೌಕಟ್ಟಿಗೆ ಮರಳುವುದಾದರೆ, ಅದರಲ್ಲಿ ರಿಬ್ಬನ್ ತಿರುವುಮುರುವಾಗಿತ್ತು. ನೀಲಿ ಅಂಚು ಧರಿಸಿದವರ ಎಡಭುಜದಿಂದ ದೂರಕ್ಕೆ, ಅಂದರೆ ನೋಡುವವರ ಎಡಕ್ಕೆ ಇರಬೇಕು. ತಾರೆಯ ಹಿಂಬದಿಯಲ್ಲಿ ಹೆಸರೂ ಇರಲಿಲ್ಲ. ಬ್ರಿಟನ್ ಈ ತಾರೆಗಳನ್ನು ಹೆಸರು ಕೆತ್ತದೆಯೇ ಕೊಡುತ್ತಿತ್ತು. ಹಾಗಾಗಿ ಪದಕಕ್ಕಿಂತ ಮೊದಲು ನಾನು ಕೇಳಿದ್ದು ಅಜ್ಜನ ಡಿಸ್ಚಾರ್ಜ್ ಪುಸ್ತಕವನ್ನು, ಅಂದರೆ ನಾವಿಕನ ಹಡಗು ಸೇವೆಯ ದಾಖಲೆ ಪುಸ್ತಕವನ್ನು. ಹಡಗು ಹತ್ತಿದ ದಿನಾಂಕ, ಇಳಿದ ದಿನಾಂಕ, ಅಳಿಸಿಹೋಗುತ್ತಿದ್ದ ಮುದ್ರೆಗಳು, ಎಲ್ಲವೂ ಅದರಲ್ಲಿದ್ದವು. ರಿಬ್ಬನ್ನನ್ನು ನೇರ ಮಾಡಿ, ಆ ಪುಟಗಳ ನಕಲನ್ನು ಚೌಕಟ್ಟಿನ ಹಿಂದೆ ಅಂಟಿಸಿ ಕಳುಹಿಸಿದೆ.