ಗರ್ಭ ನಿಲ್ಲಲಿ ಅಂತ ಕೊಡುವ ಮದ್ದುಗಳು

ಐವಿಎಫ್‌ನಲ್ಲಿ, ಅಂದರೆ ದೇಹದ ಹೊರಗೆ ಅಂಡ-ವೀರ್ಯ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆಯಲ್ಲಿ, ಅಂಡ ಸಿಕ್ಕಿತು, ಐದು ದಿನಕ್ಕೆ ಒಳ್ಳೆ ಭ್ರೂಣವೂ ಆಯಿತು. ಆದರೆ ಒಳಗೆ ಬಿಟ್ಟ ಮೇಲೆ ಗರ್ಭಕೋಶದ ಒಳಪದರಕ್ಕೆ ಅದು ಅಂಟಿಕೊಳ್ಳಲೇ ಇಲ್ಲ. ‘ನಿಲ್ಲಲಿಲ್ಲ’ ಅಂತೀವಲ್ಲ, ಅದೇ. ಹೀಗೆ ನಿಲ್ಲಿಸುವ ಮದ್ದಿಗಾಗಿ ಹುಡುಕಾಟ ಇಂದಿನದಲ್ಲ.

ಎಲ್ಲಕ್ಕಿಂತ ಹಳೆಯದು ಪ್ರೊಜೆಸ್ಟರಾನ್, ಗರ್ಭಕೋಶದ ಒಳಪದರವನ್ನು ಗರ್ಭಕ್ಕೆ ಸಜ್ಜು ಮಾಡುವ ಹಾರ್ಮೋನು. 1934ರಲ್ಲಿ ಜರ್ಮನ್ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಸುಮಾರು 50,000 ಹಂದಿಗಳ ಅಂಡಾಶಯದಿಂದ ತೆಗೆದದ್ದು ಬರೀ 20 ಮಿಲಿಗ್ರಾಂ. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಕ್ಯಾಪ್ಸೂಲಿನಲ್ಲೇ 200 ಮಿಲಿಗ್ರಾಂ ಇರುತ್ತದೆ! 1940ರ ದಶಕದಲ್ಲಿ ಮೆಕ್ಸಿಕೊದ ಕಾಡುಗೆಣಸಿನಿಂದ ಅದನ್ನು ತಯಾರಿಸಲು ಕಲಿತ ಮೇಲೆ ಬೆಲೆ ಇಳಿಯಿತು.

1978ರಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್, ತಾಯಿಯ ಸಹಜ ಋತುಚಕ್ರದ ಒಂದೇ ಅಂಡದಿಂದ ಆದ ಮಗು. ಆಮೇಲೆ ಒಂದೇ ಸಲಕ್ಕೆ ಜಾಸ್ತಿ ಅಂಡ ಬೆಳೆಸುವ ಇಂಜೆಕ್ಷನ್‌ಗಳು ಬಂದವು. ಈ ಚಿಕಿತ್ಸೆ ದೇಹದ ಸ್ವಂತ ಹಾರ್ಮೋನುಗಳ ಲಯವನ್ನೇ ಕೆಡಿಸುತ್ತದೆ, ಪ್ರೊಜೆಸ್ಟರಾನ್ ಬೇಗ ಕುಸಿಯುತ್ತದೆ. ಹಾಗಾಗಿ ಹೊರಗಿನಿಂದ ಕೊಡಲೇಬೇಕು. ಎಣ್ಣೆಯಲ್ಲಿ ಕರಗಿಸಿದ ಪ್ರೊಜೆಸ್ಟರಾನ್ ಇಂಜೆಕ್ಷನ್ ತಗೊಂಡವರಿಗೆ ಗೊತ್ತು: ಶೀಶೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡೋದು, ದಪ್ಪ ಸೂಜಿ, ಚುಚ್ಚಿದ ಕಡೆ ಗಂಟು, ರಾತ್ರಿ ಬಿಸಿನೀರಿನ ಬ್ಯಾಗು. ನೋವಾದರೂ ಕೆಲಸ ಮಾಡುತ್ತದೆ. ಯಾಕೆಂದರೆ ಚಿಕಿತ್ಸೆಯೇ ತೋಡಿದ ಗುಂಡಿಯನ್ನು ಅದು ಮುಚ್ಚುತ್ತದೆ.

ಗುಂಡಿ ಮುಚ್ಚುವುದು ಬೇರೆ, ಮೇಲೆ ಮಹಡಿ ಕಟ್ಟುವುದು ಬೇರೆ ಅಲ್ವಾ? ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಸ್ಟೀರಾಯ್ಡ್, ಕೊನೆಗೆ ಬಾಯಲ್ಲಿ ಉಣ್ಣಲಾಗದ ರೋಗಿಗಳಿಗೆ ನಾಳದ ಮೂಲಕ ಕೊಡುವ ಸೋಯಾ ಎಣ್ಣೆಯ ಡ್ರಿಪ್ಪು ಕೂಡ ಐವಿಎಫ್ ಚೀಟಿಗೆ ಬಂತು. ದೇಹ ಭ್ರೂಣವನ್ನು ಪರಕೀಯ ಅಂತ ತಳ್ಳಿಬಿಡಬಹುದು ಅನ್ನುವುದು ಸ್ಟೀರಾಯ್ಡ್ ಹಿಂದಿನ ತರ್ಕ. ಕೇಳೋಕೆ ಸರಿಯಾಗೇ ಇದೆ. ಆದರೆ ಪದೇ ಪದೇ ಸೋತ 715 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು: ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ತಗೊಂಡವರಲ್ಲಿ ಶೇ 37.8ರಷ್ಟು ಮಂದಿಗೆ ಮಗುವಾಯಿತು, ಸುಮ್ನೆ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 38.8. ಅವಧಿಗೆ ಮುಂಚಿನ ಹೆರಿಗೆ ಮಾತ್ರ ಮದ್ದು ತಗೊಂಡವರಲ್ಲೇ ಜಾಸ್ತಿ.

ನೋಲಸಿಬಾನ್ ಅನ್ನುವ ಇನ್ನೊಂದು ಮದ್ದಿನ ಕಥೆ ಇನ್ನೂ ಬೇಜಾರಿನದು. ಭ್ರೂಣ ಬಿಡುವ ನಾಲ್ಕು ಗಂಟೆ ಮೊದಲು ಒಂದೇ ಡೋಸ್ ನುಂಗಿದರೆ ಗರ್ಭಕೋಶದ ಸೆಳೆತ ತಗ್ಗುತ್ತದೆ ಅನ್ನುವುದು ಲೆಕ್ಕ. 2018ರಲ್ಲಿ ಬಂದ ಪರೀಕ್ಷೆಯಲ್ಲಿ ಹತ್ತನೇ ವಾರದವರೆಗೆ ಗರ್ಭ ನಿಂತದ್ದು ಶೇ 35.6 ಮಂದಿಗೆ, ಹುಸಿ ಮಾತ್ರೆಯವರಲ್ಲಿ ಶೇ 28.5. ಎಲ್ಲರೂ ಹಿಗ್ಗಿದರು. ಮುಂದಿನ ವರ್ಷ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ಶೇ 40.5 ಮತ್ತು 39.1. ಅಲ್ಲಿಗೆ ಮುಗಿಯಿತು.

2024ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದಲ್ಲಿ ಸ್ಪೇನಿನ ಕಂಪನಿಯೊಂದರ ಓಎಕ್ಸ್‌ಓ-001 ಮಾತ್ರೆ ಸುದ್ದಿಯಾಯಿತು. ಇದು ಹಾರ್ಮೋನ್ ಅಲ್ಲ, ನೇರವಾಗಿ ಒಳಪದರದ ಮೇಲೆ ಕೆಲಸ ಮಾಡುತ್ತದಂತೆ. ಪರೀಕ್ಷೆಗೆ ಒಳಗಾದವರು ದಾನದ ಅಂಡ ಪಡೆದ 96 ಮಹಿಳೆಯರು. ಮಗುವಾದದ್ದು ಮಾತ್ರೆಯವರಲ್ಲಿ ಶೇ 42.6, ಹುಸಿ ಮಾತ್ರೆಯವರಲ್ಲಿ ಶೇ 35.7. ಶೇಕಡಾವಾರು ಬಿಟ್ಟು ತಲೆ ಎಣಿಸಿ ನೋಡಿ: ಮಾತ್ರೆ ನುಂಗಿದ 54 ಮಂದಿಯಲ್ಲಿ 23 ಹೆರಿಗೆ. ಮಾತ್ರೆ ಏನೂ ಮಾಡದಿದ್ದರೂ 19 ಆಗುತ್ತಿತ್ತು. ಅಂತರ ನಾಲ್ಕು.