ನಂಬಿಕೆ, ಶ್ರದ್ಧೆ, ಭಕ್ತಿ: ಯಾವ ಪದದಲ್ಲಿ ದೇವರಿದ್ದಾನೆ?

ಒಂದು ಪರೀಕ್ಷೆಯಲ್ಲಿ 'ಅಶ್ರದ್ಧೆ' ಅಂದರೇನು ಅಂತ ಕೇಳಿದ್ದರು. 'ದೇವರಲ್ಲಿ ನಂಬಿಕೆ ಇಲ್ಲದಿರುವುದು' ಅಂತ ಬರೆದು ಬಂದೆ. ಅಂಕ ಹೋಯಿತು. ಮೇಷ್ಟ್ರನ್ನು ಕೇಳಿದರೆ, "ಓದಿನಲ್ಲಿ ಅಶ್ರದ್ಧೆ ಅಂತೀವಲ್ಲ, ಅಲ್ಲಿ ದೇವರು ಎಲ್ಲಿಂದ ಬಂದ?" ಅಂದರು. ಸರಿಯಾದ ಪ್ರಶ್ನೆಯೇ. ಆಮೇಲಿಂದ ಈ ಗುಂಪಿನ ಯಾವ ಪದ ಸಿಕ್ಕರೂ ಅದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಲ್ಲಿ ದೇವರು ಇರಲೇಬೇಕಾ?

ಗೈಡುಗಳಲ್ಲಿ 'ನಂಬಿಕೆ = ವಿಶ್ವಾಸ = ಶ್ರದ್ಧೆ = ಭಕ್ತಿ' ಅಂತ ಒಂದೇ ಸಾಲಿನಲ್ಲಿ ಕೊಟ್ಟುಬಿಡುತ್ತಾರೆ. ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿ ಪದದ ಜೊತೆ ಯಾವ ಕ್ರಿಯಾಪದ ಬರುತ್ತದೆ ನೋಡಿ. ನಂಬಿಕೆ ಇಡುತ್ತೇವೆ. ವಿಶ್ವಾಸ ಗಳಿಸುತ್ತೇವೆ. ಶ್ರದ್ಧೆ ವಹಿಸುತ್ತೇವೆ. ಭಕ್ತಿ ಮಾತ್ರ ಉಕ್ಕುತ್ತದೆ. 'ಭಕ್ತಿ ವಹಿಸಿದನು' ಅಂತ ಬರೆದು ನೋಡಿ, ಕಿವಿಗೇ ಒಗ್ಗುವುದಿಲ್ಲ. 'ಶ್ರದ್ಧೆ ಉಕ್ಕಿತು' ಅನ್ನುವುದೂ ಹಾಗೇ.

ಮೊದಲು ನಂಬಿಕೆ. ಇದು ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ನಂಬು, ತೆಲುಗಿನಲ್ಲಿ ನಮ್ಮು. ದೇವರನ್ನೂ ನಂಬಬಹುದು, ಪಕ್ಕದ ಮನೆಯವರನ್ನೂ ನಂಬಬಹುದು. ಒಂದು ವ್ಯಾಕರಣದ ಮಾತು: ಕ್ರಿಯಾಪದವಾದರೆ 'ದೇವರನ್ನು ನಂಬು', ನಾಮಪದವಾದರೆ 'ದೇವರಲ್ಲಿ ನಂಬಿಕೆ' ಅಥವಾ 'ದೇವರ ಮೇಲೆ ನಂಬಿಕೆ'. 'ದೇವರಲ್ಲಿ ನಂಬುತ್ತೇನೆ' ಅಂತ ಈಚೆಗೆ ಜಾಸ್ತಿ ಕಾಣಿಸುತ್ತಿದೆ. ಅದು ಅನುವಾದದ ಕನ್ನಡ, ನನಗಂತೂ ಸರಿ ಕಾಣುವುದಿಲ್ಲ.

ನಂಬು ಪದಕ್ಕೆ ಹಳೆಯ ಜೊತೆಗಾರನೊಬ್ಬ ಇದ್ದಾನೆ: ನಚ್ಚು. 12ನೇ ಶತಮಾನದ ಬಸವಣ್ಣನವರ ವಚನ 'ನಂಬರು ನಚ್ಚರು ಬರಿದೆ ಕರೆವರು' ಅಂತಲೇ ಶುರುವಾಗುತ್ತದೆ. ನಚ್ಚು ಅಂದರೆ ಭರವಸೆ ಇಟ್ಟು ಆತುಕೊಳ್ಳುವುದು. ಆ ಪದ ಸತ್ತಿಲ್ಲ. 'ನೆಚ್ಚು' ಆಗಿ 'ಮಳೆಯನ್ನೇ ನೆಚ್ಚಿಕೊಂಡು' ಅನ್ನುವಲ್ಲಿ ಹಳೆಯ ಅರ್ಥದಲ್ಲೇ ಉಳಿದಿದೆ. 'ನೆಚ್ಚಿನ ನಟ' ಅನ್ನುವಾಗ ಮಾತ್ರ ಭರವಸೆ ಹೋಗಿ ಬರೀ ಮೆಚ್ಚುಗೆ ಆಗಿದೆ.

ವಿಶ್ವಾಸದ ಮೂಲ 'ಶ್ವಸ್', ಉಸಿರಾಡು ಎಂಬ ಧಾತು. ನಿರಾಳವಾಗಿ ಉಸಿರು ಬಿಡುವ ಸ್ಥಿತಿ ಅಂತ ನೆನಪಿಟ್ಟುಕೊಂಡರೆ ಸಾಕು. ಕನ್ನಡದಲ್ಲಿ ಇದಕ್ಕೆ ಪ್ರೀತಿಯ ಬಣ್ಣವೂ ಇದೆ: 'ನಮ್ಮ ಮೇಲೆ ಬಹಳ ವಿಶ್ವಾಸ ಅವರಿಗೆ'. ಸದನದಲ್ಲಿ ವಿಶ್ವಾಸಮತ ಕೇಳುವಾಗ ಆ ಪ್ರೀತಿ ಎಷ್ಟಿರುತ್ತದೋ, ಅದು ಬೇರೆ ಮಾತು. ಧರ್ಮದ ಅರ್ಥದಲ್ಲಿ ಕ್ರೈಸ್ತರ ಬರಹಗಳಲ್ಲಿ 'ವಿಶ್ವಾಸಿ', ಇಸ್ಲಾಮಿನ ಕನ್ನಡ ಬರಹಗಳಲ್ಲಿ 'ಸತ್ಯವಿಶ್ವಾಸಿ' ಸಿಗುತ್ತವೆ.

ಇನ್ನು ನನ್ನ ಅಂಕ ತಿಂದ ಶ್ರದ್ಧೆ. ಶ್ರತ್ + ಧಾ, ಅಂದರೆ 'ಶ್ರತ್ ಇಡು'. ಶ್ರತ್ ಅಂದರೆ ಹೃದಯ ಅಂತ ಹಲವರು ಹೇಳುತ್ತಾರೆ. ಲ್ಯಾಟಿನ್ನಿನ 'ಕ್ರೇದೋ' (ನಂಬುತ್ತೇನೆ) ಇದೇ ಬಳ್ಳಿಯ ಕಾಯಿ. ಆದರೆ ಎಲ್ಲಿ ಇಡಬೇಕು ಅನ್ನುವುದನ್ನು ಪದ ಹೇಳುವುದೇ ಇಲ್ಲ, ಗಮನಿಸಿ. ಅದಕ್ಕೇ ಓದಿನಲ್ಲಿ, ಕೆಲಸದಲ್ಲಿ, ಎಲ್ಲೆಡೆ ಶ್ರದ್ಧೆ ಸಲ್ಲುತ್ತದೆ. ಜೈನರ ತತ್ತ್ವಾರ್ಥಸೂತ್ರ ಸಮ್ಯಗ್ದರ್ಶನವನ್ನು, ಅಂದರೆ ಸರಿಯಾದ ನೋಟವನ್ನು, 'ತತ್ತ್ವಾರ್ಥ ಶ್ರದ್ಧಾನ' ಎನ್ನುತ್ತದೆ. ಅಲ್ಲಿ ಶ್ರದ್ಧೆ ತತ್ತ್ವಗಳಲ್ಲಿ, ಸೃಷ್ಟಿಕರ್ತನಲ್ಲಿ ಅಲ್ಲ. ಬೌದ್ಧರ ಪಾಲಿಯಲ್ಲಿ ಇದೇ 'ಸದ್ಧಾ'. ಶ್ರಾದ್ಧ, ಶ್ರದ್ಧಾಂಜಲಿ ಎರಡೂ ಇದರಿಂದಲೇ ಬಂದವು. ಸಂವಿಧಾನದ ಪೀಠಿಕೆಯ ಕನ್ನಡ ರೂಪದಲ್ಲಿ 'ವಿಶ್ವಾಸ' ಮತ್ತು 'ಧರ್ಮಶ್ರದ್ಧೆ' ಬೇರೆ ಬೇರೆಯಾಗಿ ಬರುತ್ತವೆ. ಬರೀ 'ಶ್ರದ್ಧೆ' ಅಂದಿದ್ದರೆ ಕನ್ನಡದ ಓದುಗನಿಗೆ ಗಮನ, ಆಸಕ್ತಿ ಅಂತಲೇ ಕೇಳಿಸುತ್ತಿತ್ತು. 'ಧರ್ಮ' ಸೇರಿಸಿದ ಮೇಲೆ ಆ ಗೊಂದಲ ಇಲ್ಲ.

ಭಕ್ತಿಯ ಕಥೆ ಪೂರ್ತಿ ಬೇರೆ. ಧಾತು 'ಭಜ್': ಹಂಚಿಕೊಳ್ಳು, ಪಾಲುಗೊಳ್ಳು, ಸೇವಿಸು. ಭಾಗ, ವಿಭಾಗ, ಭಜನೆ ಎಲ್ಲ ಅದರ ನೆಂಟರು. ಪಾಲು ಹಂಚಿಕೊಳ್ಳಲು ಎದುರಿಗೆ ಇನ್ನೊಬ್ಬರು ಬೇಕು ತಾನೇ? ಅದಕ್ಕೇ ಭಕ್ತಿಗೆ ಒಬ್ಬ ದೇವರೋ ಗುರುವೋ ಇರಲೇಬೇಕು. ದೇಶಭಕ್ತಿಯಲ್ಲೂ ನಾಡು ತಾಯಿಯಾಗುತ್ತದೆ. ಈ ಎರಡು ವಾಕ್ಯ ನೋಡಿ:

'ಅವರು ಶ್ರದ್ಧೆಯಿಂದ ಪೂಜೆ ಮಾಡಿದರು.'
'ಅವರು ಭಕ್ತಿಯಿಂದ ಪೂಜೆ ಮಾಡಿದರು.'

ಮೊದಲನೆಯವರು ಒಂದು ಮಂತ್ರವನ್ನೂ ಬಿಟ್ಟಿಲ್ಲ. ಎರಡನೆಯವರು ಬಹುಶಃ ಎರಡು ಮಂತ್ರ ಮರೆತಿದ್ದಾರೆ, ಕಣ್ಣು ಮಾತ್ರ ಒದ್ದೆ. ಗೀತೆಯೂ ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದೆ: 12ನೆಯದು ಭಕ್ತಿಯೋಗ, 17ನೆಯದು ಶ್ರದ್ಧಾತ್ರಯ ವಿಭಾಗಯೋಗ.

ವೀರಶೈವ ಷಟ್‌ಸ್ಥಲದಲ್ಲಿ, ಅಂದರೆ ಸಾಧನೆಯ ಆರು ಹಂತಗಳಲ್ಲಿ, ಇವು ಮೆಟ್ಟಿಲುಗಳಾಗುತ್ತವೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ, ಆಮೇಲೆ ಅವಧಾನ, ಅನುಭಾವ, ಆನಂದ, ಸಮರಸ. ನಿಷ್ಠೆಯ ಧಾತು 'ಸ್ಥಾ', ನಿಲ್ಲು. ಶ್ರದ್ಧೆ ಹುಟ್ಟಿದ ಮೇಲೆ ಅಲುಗದೆ ನಿಲ್ಲುವುದು ನಿಷ್ಠೆ. ಈ ಕ್ರಮ ಗೊತ್ತಿದ್ದರೆ 'ಶ್ರದ್ಧೆಗೂ ನಿಷ್ಠೆಗೂ ವ್ಯತ್ಯಾಸವೇನು' ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ವಿರುದ್ಧ ಪದಗಳಲ್ಲಿ ಎಡವುವವರೇ ಜಾಸ್ತಿ. ನಂಬಿಕೆಗೆ ಅಪನಂಬಿಕೆ, ಅಂದರೆ ಸಂಶಯ. ಮೂಢನಂಬಿಕೆ ವಿರುದ್ಧ ಪದವಲ್ಲ, ಅದು ನಂಬಿಕೆಯದೇ ಒಂದು ಬಗೆ. ವಿಶ್ವಾಸಕ್ಕೆ ಅವಿಶ್ವಾಸ. ಅಶ್ರದ್ಧೆ ಅಂದರೆ ಉದಾಸೀನ (ನನ್ನ ಅಂಕ!). ಭಕ್ತನಿಗೆ ವಚನಗಳಲ್ಲಿ 'ಭವಿ', ಭವದಲ್ಲೇ ಇರುವವನು.

ಆಸ್ತಿಕ–ನಾಸ್ತಿಕ ಇನ್ನೂ ತಮಾಷೆ. 'ಅಸ್ತಿ' ಅಂದರೆ ಇದೆ, 'ನಾಸ್ತಿ' ಅಂದರೆ ಇಲ್ಲ. ಏನು ಇದೆ, ಏನು ಇಲ್ಲ ಅಂತ ಪದದೊಳಗೆ ಹೇಳಿಲ್ಲ! ಇಂದಿನ ಕನ್ನಡದಲ್ಲಿ ನಾಸ್ತಿಕ ಅಂದರೆ ದೇವರಿಲ್ಲ ಎನ್ನುವವನು. ಮನುಸ್ಮೃತಿಯಲ್ಲಿ ವೇದವನ್ನು ನಿಂದಿಸುವವನು. ಹಾಗಾಗಿ ಈಶ್ವರನನ್ನು ಒಪ್ಪದ ಸಾಂಖ್ಯ ದರ್ಶನ ಆಸ್ತಿಕದ ಪಟ್ಟಿಯಲ್ಲಿದೆ, ವೇದವನ್ನು ಒಪ್ಪದ ಜೈನ, ಬೌದ್ಧ ನಾಸ್ತಿಕದ ಪಟ್ಟಿಯಲ್ಲಿವೆ. ತತ್ತ್ವಶಾಸ್ತ್ರದ ಪ್ರಶ್ನೆಯಾ, ಪದಾರ್ಥದ ಪ್ರಶ್ನೆಯಾ ನೋಡಿಕೊಂಡು ಬರೆಯಿರಿ.

ಅರಬಿಯ 'ಈಮಾನ್' ಪದದ ಮೂಲದಲ್ಲಿ ಸುರಕ್ಷಿತ, ನಿಶ್ಚಿಂತ ಎಂಬ ಅರ್ಥವಿದೆ. ನಂಬಿ ಒಪ್ಪಿಸಿದ ವಸ್ತು 'ಅಮಾನತ್' ಅದೇ ಮೂಲದ್ದು. ಅದೇ ಕನ್ನಡಕ್ಕೆ 'ಅಮಾನತು' ಆಗಿ ಬಂತು. ಈಗ ಅಮಾನತು ಅಂದರೆ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು, ಅಂದರೆ ಒಬ್ಬರ ಮೇಲೆ ನಂಬಿಕೆ ಅಲುಗಿದಾಗ ಮಾಡುವ ಕೆಲಸ. 'ನಿಯತ್ತು' ಕೂಡ ಅರಬಿಯದೇ. ನಮಾಜಿಗೂ ಉಪವಾಸಕ್ಕೂ ಮುನ್ನ ಮಾಡುವ ಸಂಕಲ್ಪ 'ನಿಯ್ಯತ್'. ನಮ್ಮ ಬಾಯಲ್ಲಿ ಅದು ಪ್ರಾಮಾಣಿಕತೆ ಆಗಿ, ಮನುಷ್ಯರಿಗಿಂತ ಹೆಚ್ಚಾಗಿ ನಾಯಿಗೆ ಅಂಟಿಕೊಂಡಿದೆ.