ಬಣ್ಣದ ಮೇಲೆ ಸೆನ್ಸರ್ ಕೂರಿಸಬೇಡಿ

ಪುಣೆಯ ಭೋಸರಿಯಿಂದ ಕಳೆದ ವಾರ ಫೋನ್ ಬಂತು. "ಸರ್, ವ್ಹೀಲ್ ಜಾಬ್‌ಗೆ ತಾಗಿದರೂ ಸ್ಕ್ರೀನಿನ ಗೆರೆ ಅಲುಗುತ್ತಿಲ್ಲ. ಈ ಸೆನ್ಸರ್ ವಾಪಸ್ ಒಯ್ಯಿರಿ."

ಉಜ್ಜುವ ಚಕ್ರ (ವ್ಹೀಲ್) ಉಜ್ಜಬೇಕಾದ ಲೋಹದ ತುಂಡಿಗೆ (ಜಾಬ್) ತಾಗಿದ್ದನ್ನು ಹಿಡಿದು ಸ್ಕ್ರೀನಿನಲ್ಲಿ ತೋರಿಸುವುದು ಈ ಅಕೌಸ್ಟಿಕ್ ಎಮಿಷನ್ ಸೆನ್ಸರಿನ ಕೆಲಸ. ಹೋಗಿ ನೋಡಿದೆ. ಗ್ರೈಂಡಿಂಗ್ ಮಷೀನಿನ ತಗಡಿನ ಗಾರ್ಡ್ ಮೇಲೆ, ಬಣ್ಣವನ್ನೂ ಕೆರೆಯದೆ, ಡಬಲ್ ಟೇಪಿನಿಂದ ಅಂಟಿಸಿದ್ದರು. ಚಾಕಣದಲ್ಲೂ ಇದನ್ನೇ ಕಂಡಿದ್ದೇನೆ, ಪಿಂಪ್ರಿಯಲ್ಲೂ. ಲಕ್ಷಾಂತರ ರೂಪಾಯಿಯ ಮಷೀನಿಗೆ ಇಷ್ಟು ಅಸಡ್ಡೆ ಕಂಡರೆ ಹೊಟ್ಟೆ ಉರಿಯುತ್ತದೆ.

ಅಕೌಸ್ಟಿಕ್ ಎಮಿಷನ್ ಎಂಬ ಹೆಸರು ಕೇಳಿ ಇದನ್ನು ಮೈಕ್ ಎಂದುಕೊಳ್ಳುತ್ತಾರೆ. ಗಾಳಿಯಲ್ಲಿ ಬರುವ ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ವ್ಹೀಲಿನ ಹರಳು ಲೋಹವನ್ನು ಕೆರೆದಾಗ, ಟೂಲಿನ ಕತ್ತರಿಸುವ ತುದಿ (ಇನ್ಸರ್ಟ್) ಬಿರುಕು ಬಿಟ್ಟಾಗ ಲೋಹದೊಳಗೇ ಒಂದು ಅಲೆ ಹುಟ್ಟಿ ಓಡುತ್ತದೆ. ನಾವು ಹಿಡಿಯುವುದು ಸಾಮಾನ್ಯವಾಗಿ 100 ಕಿಲೋಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗಿನ ಅಲೆಯನ್ನು. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ. ಮೋಟಾರಿನ ಗುಂಯ್ಗುಡುವಿಕೆ ಇದರಲ್ಲಿ ಅಷ್ಟಾಗಿ ಬೆರೆಯದಿರುವುದೂ ಅದಕ್ಕೇ. ಆದರೆ ಇಂಥ ಅಲೆ ಬಹಳ ಸುಕುಮಾರ. ಬೋಲ್ಟ್ ಹಾಕಿದ ಒಂದೊಂದು ಜಾಯಿಂಟ್ ದಾಟುವಾಗಲೂ ಸೊರಗುತ್ತದೆ. ನಡುವೆ ಕೂದಲೆಳೆಯಷ್ಟು ಗಾಳಿ ಸಿಕ್ಕರೂ ಹೆಚ್ಚುಕಡಿಮೆ ಅಲ್ಲೇ ಸಾಯುತ್ತದೆ. ಸೆನ್ಸರ್ ಕೆಳಗೆ ಗ್ರೀಸ್ ಸವರುವುದು ಆ ಗಾಳಿಯನ್ನು ಓಡಿಸಲಿಕ್ಕೆ, ತುಕ್ಕಿಗಾಗಿ ಅಲ್ಲ.

ಇದನ್ನೆಲ್ಲ ಮಾಲೀಕರಿಗೆ ಮೂರು ಸಲ ಹೇಳಿದೆ. ಇಂಡಿ ಕಡೆಯ ಆಪರೇಟರ್ ಒಬ್ಬರು ಪಕ್ಕದಲ್ಲೇ ನಿಂತಿದ್ದರು. ಬೇರಿಂಗ್ ನೋಡಲು ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗ್‌ಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟು ಕೇಳುವ ಹಳಬರು. "ಅಂದ್ರ ಸರ್, ನಾವು ಇದರ ಕಿವ್ಯಾಗ ಹತ್ತಿ ತುರುಕೀವಿ ಅಂದಂಗಾತು" ಎಂದರು. ಅಷ್ಟೇ ವಿಷಯ.

ಜಾಬ್‌ನ ಒಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕಿನ ಮೇಲೆ ಅಂಗೈಯಗಲ ಬಣ್ಣ ಕೆರೆದು, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಸೆನ್ಸರ್ ಬಿಗಿದೆವು. ಆಮೇಲೆ ಸೆನ್ಸರಿಗೆ ಅಲೆ ಮುಟ್ಟುತ್ತಿದೆಯೇ ಎಂದು ನೋಡಲು 0.5 ಮಿಲಿಮೀಟರಿನ 2ಎಚ್ ಪೆನ್ಸಿಲ್ ಲೆಡ್ಡನ್ನು ಜಾಬ್ ಮೇಲೆ ಒತ್ತಿ ಮುರಿದೆ. ಟಿಕ್ ಎಂದಿತು, ಗೆರೆ ನೆಟ್ಟಗೆ ಮೇಲೆದ್ದಿತು. ಹಿಂದಿನ ಜಾಗದಲ್ಲಿ ಇದೇ ಲೆಡ್‌ಗೆ ಅದು ಮಿಸುಕಿರಲಿಲ್ಲ.

ಒಂದು ಎಚ್ಚರಿಕೆ. ಉಜ್ಜುವಾಗ ತಂಪು ಮಾಡಲು ಹರಿಸುವ ಕೂಲಂಟ್ ನೇರವಾಗಿ ಸೆನ್ಸರ್‌ಗೆ ಬಡಿದರೆ ಸುಳ್ಳು ಸಿಗ್ನಲ್ ಬರಬಹುದು. ಒಂದು ಮಷೀನಿನ ಅಲಾರಂ ಮಿತಿ ಪಕ್ಕದ್ದಕ್ಕೆ ಹೊಂದುತ್ತದೆಂದು ನಾನಂತೂ ಹೇಳಲಾರೆ. ವ್ಹೀಲ್ ಬದಲಾದರೂ ಮತ್ತೆ ನೋಡಬೇಕು.

ಲೆಡ್ಡಿನ ಡಬ್ಬಿಯನ್ನು ಆಪರೇಟರ್ ಕೈಗೇ ಕೊಟ್ಟು ಬಂದೆ. ಸೋಮವಾರಕ್ಕೊಮ್ಮೆ ಅದೇ ಜಾಗದಲ್ಲಿ ಒಂದು ಲೆಡ್ ಮುರಿದು ಅಂಕಿ ಬರೆದಿಡಿ ಎಂದಿದ್ದೇನೆ. ಅಂಕಿ ಇಳಿದರೆ ಮೊದಲು ಗ್ರೀಸ್ ನೋಡಿ, ಆಮೇಲೆ ಬೋಲ್ಟ್, ಆಮೇಲೆ ಕೇಬಲ್. ಮೂರೂ ಸರಿಯಿದ್ದರೆ ಫೋನ್ ಮಾಡಿ, ಅವತ್ತೇ ಬರುತ್ತೇನೆ.